ಸೂರ್ಯನ ನಕ್ಷೆ ಬರೆದವರ ಲೆಕ್ಕ ಸ್ಕ್ಯಾನ್ ಕೋಣೆಗೆ ಬಂತು!

ಊಟಿ: ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಗುಂಡ್ಲುಪೇಟೆಯಿಂದ ಮೈಸೂರಿಗೆ ಒಯ್ಯಲಿ, ಗೂಡಲೂರಿನಿಂದ ಕೊಯಮತ್ತೂರಿಗೆ ಒಯ್ಯಲಿ, ಡಾಕ್ಟರು ಮೊದಲು ಹೇಳುವುದು ಒಂದೇ ಮಾತು: ‘ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ’. ಕೆಲವೇ ನಿಮಿಷದಲ್ಲಿ ತಲೆಬುರುಡೆಯ ಒಳಗಿನ ಚಿತ್ರ ಕೈಗೆ ಬರುತ್ತದೆ. ರಕ್ತ ಹೆಪ್ಪುಗಟ್ಟಿದೆಯೋ ಇಲ್ಲವೋ, ಆಪರೇಷನ್ ಬೇಕೋ ಬೇಡವೋ ಎಂಬುದು ಆ ಚಿತ್ರದ ಮೇಲೆ ನಿಂತಿರುತ್ತದೆ. ಒಂದು ಗೀರೂ ಹಾಕದೆ ಒಳಗಿನದನ್ನು ಹೀಗೆ ನೋಡುವ ಲೆಕ್ಕ ಎಲ್ಲಿಂದ ಬಂತು?

ಅದರ ಒಂದು ಬೇರು ಸೂರ್ಯನಲ್ಲಿದೆ. ಹೌದು, ದಿನಾ ಬೆಳಗ್ಗೆ ದೊಡ್ಡಬೆಟ್ಟದ ಮೇಲೆ ಹುಟ್ಟುವ ಅದೇ ಸೂರ್ಯನಲ್ಲಿ. ಸೂರ್ಯನಿಂದ ಬರುವ ರೇಡಿಯೋ ತರಂಗಗಳ ನಕ್ಷೆ ಬರೆಯಲು ಹೊರಟ ಒಬ್ಬ ಎಂಜಿನಿಯರ್ ಕಂಡುಕೊಂಡ ಲೆಕ್ಕ ಕಡೆಗೆ ಆಸ್ಪತ್ರೆಯ ಯಂತ್ರದೊಳಗೂ ಸೇರಿತು. ಅವರ ಹೆಸರು ರೊನಾಲ್ಡ್ ಬ್ರೇಸ್‌ವೆಲ್. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ದುಡಿದದ್ದು ಹೆಚ್ಚಾಗಿ ಅಮೆರಿಕದಲ್ಲಿ. ಆದರೆ ಅವರ ಶಿಷ್ಯರೊಬ್ಬರು ಕಟ್ಟಿದ ದೂರದರ್ಶಕ ನಮ್ಮ ಊಟಿ ಪಕ್ಕದ ಮುತ್ತೊರೈ ಗುಡ್ಡದ ಮೇಲೆಯೇ ಇದೆ.

ಸಿಡ್ನಿಯಿಂದ ಶುರು

ಬ್ರೇಸ್‌ವೆಲ್ ಹುಟ್ಟಿದ್ದು 1921ರ ಜುಲೈ 22ರಂದು, ಸಿಡ್ನಿಯಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪದವಿ, 1943ರಲ್ಲಿ ಎಂಜಿನಿಯರಿಂಗ್ ಪದವಿ. ಆಗ ಎರಡನೇ ಮಹಾಯುದ್ಧದ ಕಾಲ. ಓದಿದ ಹುಡುಗರೆಲ್ಲ ಒಂದಲ್ಲ ಒಂದು ಯುದ್ಧದ ಕೆಲಸಕ್ಕೆ ಸೇರುತ್ತಿದ್ದರು. ಇವರು ಸೇರಿದ್ದು ರೇಡಾರ್ ತಯಾರಿಸುತ್ತಿದ್ದ ಸರ್ಕಾರಿ ಪ್ರಯೋಗಾಲಯಕ್ಕೆ.

ಯುದ್ಧ ಮುಗಿಯಿತು. ಶತ್ರು ವಿಮಾನ ಹುಡುಕುತ್ತಿದ್ದ ಆ ಆಂಟೆನಾಗಳನ್ನು ಏನು ಮಾಡುವುದು? ಪ್ರಯೋಗಾಲಯದ ಜೋ ಪಾಸಿ ಮತ್ತು ಸಂಗಡಿಗರು ಅವನ್ನು ಸೂರ್ಯನ ಕಡೆ ತಿರುಗಿಸಿದರು. ರೇಡಿಯೋ ಖಗೋಳಶಾಸ್ತ್ರ ಎಂಬ ಹೊಸ ಶಾಸ್ತ್ರ ಬೆಳೆದ ಮೊದಲ ತಾಣಗಳಲ್ಲಿ ಸಿಡ್ನಿಯೂ ಒಂದಾಯಿತು.

ಬ್ರೇಸ್‌ವೆಲ್ 1946ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ, ಭೂಮಿಯ ಮೇಲ್ವಾತಾವರಣದಲ್ಲಿ ರೇಡಿಯೋ ತರಂಗಗಳು ಹೇಗೆ ಸಾಗುತ್ತವೆ ಎಂಬುದರ ಮೇಲೆ ಸಂಶೋಧನೆ ಮಾಡಿ, 1949ರಲ್ಲಿ ಪಿಎಚ್.ಡಿ. ಪಡೆದು ವಾಪಸ್ ಬಂದರು. ಪಾಸಿ ಜೊತೆ ಸೇರಿ ಅವರು ಬರೆದ ‘ರೇಡಿಯೋ ಆಸ್ಟ್ರಾನಮಿ’ ಪುಸ್ತಕ 1955ರಲ್ಲಿ ಹೊರಬಂತು. ಆ ಶಾಸ್ತ್ರದ ಮೊದಲ ಪಠ್ಯಪುಸ್ತಕಗಳಲ್ಲಿ ಅದೂ ಒಂದು. ಅದೇ ವರ್ಷದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗ ಸೇರಿದರು. ಆಮೇಲೆ ಕೊನೆಯವರೆಗೂ ಅವರು ಅಲ್ಲಿಯವರೇ.

ಪಟ್ಟಿ ಪಟ್ಟಿಯಾಗಿ ಕಂಡ ಸೂರ್ಯ

ಆಗಿನ ಕಷ್ಟ ಏನೆಂದರೆ, ಸೂರ್ಯನ ರೇಡಿಯೋ ಚಿತ್ರವನ್ನು ಕ್ಯಾಮೆರಾದಲ್ಲಿ ತೆಗೆದ ಹಾಗೆ ಒಂದೇ ಸಲಕ್ಕೆ ತೆಗೆಯಲು ಆಗುತ್ತಿರಲಿಲ್ಲ. ಸಾಲಾಗಿ ನಿಲ್ಲಿಸಿದ ಆಂಟೆನಾಗಳು ಆಕಾಶವನ್ನು ಚುಕ್ಕಿ ಚುಕ್ಕಿಯಾಗಿ ನೋಡುವುದಿಲ್ಲ. ಉದ್ದನೆಯ ಸಪೂರ ಪಟ್ಟಿಯ ಹಾಗೆ ನೋಡುತ್ತವೆ. ಆ ಪಟ್ಟಿಯೊಳಗೆ ಬಂದ ಅಷ್ಟೂ ತರಂಗದ ಒಟ್ಟು ಮೊತ್ತ ಸಿಗುತ್ತದೆ, ಅಷ್ಟೇ. ಪಟ್ಟಿಯ ಯಾವ ಜಾಗದಿಂದ ಎಷ್ಟು ಬಂತು ಅಂತ ಗೊತ್ತಾಗುವುದಿಲ್ಲ.

ಇದನ್ನು ನಮ್ಮ ತೋಟದ ಲೆಕ್ಕದಲ್ಲಿ ನೋಡೋಣ. ಬೇಲಿ ಹಾಕಿದ ಒಂದು ಚೌಕ ತೋಟ. ಒಳಗೆ ಕಾಲಿಡುವ ಹಾಗಿಲ್ಲ. ಅದರಲ್ಲಿ ನಾಲ್ಕು ತಾಕು: ಮೇಲೆ ಎರಡು, ಕೆಳಗೆ ಎರಡು. ಯಾವ ತಾಕಿನಲ್ಲಿ ಎಷ್ಟು ತೆಂಗಿನ ಮರ ಇದೆ ಅಂತ ಹೊರಗೆ ನಿಂತೇ ಹೇಳಬೇಕು.

ಪಕ್ಕದ ಬೇಲಿಯಿಂದ ಸಾಲು ಹಿಡಿದು ಎಣಿಸಿದರೆ ಮೇಲಿನ ಸಾಲಿನಲ್ಲಿ ಒಟ್ಟು 5 ಮರ, ಕೆಳಗಿನ ಸಾಲಿನಲ್ಲಿ 9. ಮುಂದಿನ ಬೇಲಿಗೆ ಬಂದು ಎಣಿಸಿದರೆ ಎಡ ಸಾಲಿನಲ್ಲಿ 6, ಬಲ ಸಾಲಿನಲ್ಲಿ 8. ಇಷ್ಟೇ ಸಾಕೇ? ಸಾಲದು. ಮೇಲೆ 2 ಮತ್ತು 3, ಕೆಳಗೆ 4 ಮತ್ತು 5 ಇದ್ದರೂ ಲೆಕ್ಕ ಸರಿಹೋಗುತ್ತದೆ. ಮೇಲೆ 1 ಮತ್ತು 4, ಕೆಳಗೆ 5 ಮತ್ತು 4 ಇದ್ದರೂ ಸರಿಹೋಗುತ್ತದೆ. ಈಗ ತೋಟದ ಮೂಲೆಗೆ ಹೋಗಿ ಓರೆಯಾಗಿ ನೋಡಿ. ಮೇಲಿನ ಎಡ ತಾಕು, ಕೆಳಗಿನ ಬಲ ತಾಕು ಎರಡೂ ಸೇರಿ 7 ಮರ ಎಂದು ಗೊತ್ತಾದರೆ ಮುಗಿಯಿತು. ಉತ್ತರ ಒಂದೇ: 2, 3, 4, 5.

ಗುಟ್ಟು ಇರುವುದು ಇಲ್ಲೇ. ಎಷ್ಟು ದಿಕ್ಕಿನಿಂದ ನೋಡುತ್ತೇವೋ ಅಷ್ಟು ಸ್ಪಷ್ಟವಾಗಿ ಒಳಗಿನ ಚಿತ್ರ ಮೂಡುತ್ತದೆ. ತೋಟದ ಬದಲು ಸೂರ್ಯ ಇಟ್ಟುಕೊಳ್ಳಿ, ಮರದ ಬದಲು ರೇಡಿಯೋ ತರಂಗ. ಹಲವು ಕೋನಗಳಿಂದ ಪಟ್ಟಿ ಪಟ್ಟಿಯಾಗಿ ಅಳೆದ ಮೊತ್ತಗಳಿಂದ ಪೂರ್ತಿ ಚಿತ್ರವನ್ನು ಹೇಗೆ ಪಡೆಯಬೇಕು ಎಂಬುದನ್ನು ಬ್ರೇಸ್‌ವೆಲ್ 1956ರಲ್ಲಿ ಆಸ್ಟ್ರೇಲಿಯಾದ ಭೌತಶಾಸ್ತ್ರ ಪತ್ರಿಕೆಯಲ್ಲಿ ಗಣಿತಬದ್ಧವಾಗಿ ಬರೆದು ತೋರಿಸಿದರು.

ಆಗ ಈ ಕೆಲಸ ಎಷ್ಟು ಕಷ್ಟದ್ದು ಎಂಬುದಕ್ಕೆ ಒಂದು ಉದಾಹರಣೆ ಇದೆ. ಸಿಡ್ನಿಯಲ್ಲಿ ಕ್ರಿಸ್ಚಿಯನ್‌ಸೆನ್ ಮತ್ತು ವಾರ್‌ಬರ್ಟನ್ ಎಂಬಿಬ್ಬರು 1955ರಲ್ಲಿ ಪ್ರಕಟಿಸಿದ ಸೂರ್ಯನ ಒಂದೇ ಒಂದು ರೇಡಿಯೋ ನಕ್ಷೆಗೆ ತಿಂಗಳುಗಟ್ಟಲೆ ಕೈಲೆಕ್ಕ ಮಾಡಬೇಕಾಯಿತು.

ದಿನಕ್ಕೊಂದು ನಕ್ಷೆ, 11 ವರ್ಷ

ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೇಸ್‌ವೆಲ್ ತಾವೇ ಒಂದು ದೂರದರ್ಶಕ ಕಟ್ಟಿಸಿದರು. ಹತ್ತು ಅಡಿ ಅಗಲದ 32 ಡಿಶ್‌ಗಳನ್ನು ಕೂಡು ಚಿಹ್ನೆಯ ಆಕಾರದಲ್ಲಿ ನಿಲ್ಲಿಸಿದ್ದರು. 1961ರಲ್ಲಿ ಕೆಲಸ ಮುಗಿಯಿತು. ಸೂರ್ಯನ ಯಾವ ಭಾಗ ಎಷ್ಟು ಬಿಸಿ ಎಂಬ ನಕ್ಷೆಯನ್ನು ಅದು ದಿನಕ್ಕೊಂದರಂತೆ 11 ವರ್ಷ ಕೊಟ್ಟಿತು. 11 ವರ್ಷ ಯಾಕೆ? ಸೂರ್ಯನ ಕಲೆಗಳು ಏರಿ ಇಳಿಯುವ ಒಂದು ಸುತ್ತಿಗೆ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು.

ಯಂತ್ರವೇ ನಕ್ಷೆಯನ್ನು ಅಂಕಿಗಳಲ್ಲಿ ಅಚ್ಚು ಮಾಡುತ್ತಿದ್ದುದರಿಂದ ಟೆಲಿಪ್ರಿಂಟರ್ ಮೂಲಕ ಎಲ್ಲಿಗೆ ಬೇಕಾದರೂ ಕಳಿಸಬಹುದಿತ್ತು. ಸೂರ್ಯ ಕೆರಳಿದರೆ ಅದರಿಂದ ಹೊಮ್ಮುವ ಕಣಗಳು ಗಗನಯಾತ್ರಿಗಳ ಜೀವಕ್ಕೆ ಅಪಾಯ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಈ ನಕ್ಷೆಗಳಿಂದ ಆದ ಉಪಕಾರವನ್ನು ನಾಸಾ ಸಂಸ್ಥೆ ನೆನೆಯಿತು.

ಈ ನಡುವೆ 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬುವರು ಸೇರಿ ಇನ್ನೊಂದು ಲೇಖನ ಬರೆದರು. ಪಟ್ಟಿಗಳ ಮೊತ್ತದಿಂದ ಚಿತ್ರ ಕಟ್ಟುವ ಲೆಕ್ಕಕ್ಕೆ ಅದುವರೆಗೆ ‘ಫೂರಿಯೆ’ ಎಂಬ ಉದ್ದನೆಯ ಗಣಿತದ ದಾರಿ ಹಿಡಿಯಬೇಕಿತ್ತು. ಇವರು ಅಡ್ಡದಾರಿ ತೋರಿಸಿದರು.

ಅದು ಹೀಗೆ: ಪ್ರತಿ ಪಟ್ಟಿಯ ಮೊತ್ತವನ್ನು ಆ ಪಟ್ಟಿಯ ಉದ್ದಕ್ಕೂ ಸಮನಾಗಿ ಬಳಿಯುತ್ತ ಹೋದರೆ, ಎಲ್ಲ ದಿಕ್ಕಿನ ಬಳಿತವೂ ಒಂದರ ಮೇಲೊಂದು ಕೂಡಿ ಚಿತ್ರ ಬರುತ್ತದೆ. ಆದರೆ ಮಸುಕು ಮಸುಕು. ಅದಕ್ಕೆ ಬಳಿಯುವ ಮೊದಲೇ ಪ್ರತಿ ಪಟ್ಟಿಯಿಂದ ಅಕ್ಕಪಕ್ಕದ ಪಟ್ಟಿಗಳ ಒಂದೊಂದು ಪಾಲು ಕಳೆದುಬಿಡಬೇಕು. ಎಷ್ಟು ಪಾಲು ಕಳೆಯಬೇಕು ಎಂಬುದಕ್ಕೆ ಸೂತ್ರ ಇದೆ. ಕಳೆದು ಬಳಿದರೆ ಮಸುಕು ಹೋಗಿ ಅಂಚು ಎದ್ದು ಕಾಣುತ್ತದೆ. ಕೂಡು, ಕಳೆ, ಗುಣಿಸು ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮುಂದೆ ಸಿಟಿ ಸ್ಕ್ಯಾನ್ ಯಂತ್ರಗಳ ಕಂಪ್ಯೂಟರುಗಳು ಹಲವು ದಶಕ ನೆಚ್ಚಿಕೊಂಡದ್ದು ಇದೇ ಬಗೆಯ ಲೆಕ್ಕವನ್ನು.

ಒಂದೇ ನೀರಿಗೆ ನಾಲ್ಕೈದು ಬಾವಿ

ಆದರೆ ಬ್ರೇಸ್‌ವೆಲ್ ಲೇಖನ ಓದಿ ಯಾರೋ ಸಿಟಿ ಸ್ಕ್ಯಾನ್ ಕಂಡುಹಿಡಿದರು ಅಂದುಕೊಂಡರೆ ತಪ್ಪು. ನಡೆದದ್ದೇ ಬೇರೆ. ಒಂದೇ ನೀರಿಗೆ ನಾಲ್ಕೈದು ಜನ ಬೇರೆ ಬೇರೆ ಊರಿನಲ್ಲಿ ಬಾವಿ ತೋಡಿದರು. ಒಬ್ಬರ ಗುದ್ದಲಿಯ ಸದ್ದು ಇನ್ನೊಬ್ಬರಿಗೆ ಕೇಳಲಿಲ್ಲ!

ಎಲ್ಲರಿಗಿಂತ ಮೊದಲು, 1917ರಲ್ಲೇ, ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡೋನ್ ಇದರ ಮೂಲ ಗಣಿತ ಬರೆದಿಟ್ಟಿದ್ದರು. ಅದು ಗಣಿತದವರ ಕಪಾಟಿನಲ್ಲೇ ಉಳಿಯಿತು.

ಬ್ರೇಸ್‌ವೆಲ್ ಸೂರ್ಯನ ಲೇಖನ ಪ್ರಕಟಿಸಿದ 1956ರಲ್ಲೇ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಗ್ರೂಟ್ ಸ್ಖೂರ್ ಆಸ್ಪತ್ರೆಯಲ್ಲಿ ಅಲನ್ ಕಾರ್ಮಾಕ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಅದೇ ಪ್ರಶ್ನೆ ಎದುರಾಯಿತು. ಎಕ್ಸ್-ರೇ ದೇಹದ ಮೂಲಕ ಹಾದುಹೋಗುವಾಗ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಹೀರಿಕೊಳ್ಳಲ್ಪಡುತ್ತದೆ. ಹೊರಬಂದಾಗ ಸಿಗುವುದು ಒಟ್ಟು ಮೊತ್ತ. ಎಲ್ಲಿ ಎಷ್ಟು ಹೀರಿತು ಎಂದು ತಿಳಿಯುವುದು ಹೇಗೆ? ಸೂರ್ಯನ ಪಟ್ಟಿಗೂ ಇದಕ್ಕೂ ಗಣಿತದಲ್ಲಿ ವ್ಯತ್ಯಾಸವೇ ಇಲ್ಲ. ಕಾರ್ಮಾಕ್ ತಾವೇ ಕೂತು ಉತ್ತರ ಕಂಡುಕೊಂಡು 1963 ಮತ್ತು 1964ರಲ್ಲಿ ಪ್ರಕಟಿಸಿದರು. ವೈದ್ಯರ ಕಡೆಯಿಂದ ವಿಚಾರಿಸಿದವರೇ ಇಲ್ಲ ಎನ್ನಬಹುದು. ಲೇಖನದ ಪ್ರತಿ ಕೇಳಿಕೊಂಡು ಬಂದ ಪತ್ರಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು! ಬೆಟ್ಟದ ಮೇಲಿನ ಹಿಮ ಅಳೆಯಲು ಬರುತ್ತದೆಯೇ ಅಂತ ಅವರಿಗೆ ಆಸೆ. ರಾಡೋನ್ ಅದಾಗಲೇ ಈ ಲೆಕ್ಕ ಮಾಡಿದ್ದರು ಎಂಬುದು ಕಾರ್ಮಾಕ್‌ಗೆ ತಿಳಿದದ್ದು ತಾವು ಕೆಲಸ ಶುರು ಮಾಡಿದ ಎಷ್ಟೋ ವರ್ಷಗಳ ಮೇಲೆ.

ಇನ್ನು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಅವರು ಇಎಂಐ ಕಂಪನಿಯ ಎಂಜಿನಿಯರ್. ಇವರಾರ ಲೇಖನವನ್ನೂ ನೆಚ್ಚದೆ ತಮ್ಮದೇ ದಾರಿಯಲ್ಲಿ ಯಂತ್ರವನ್ನೇ ಕಟ್ಟಿಬಿಟ್ಟರು. ಪ್ರಯೋಗಾಲಯದಲ್ಲಿ ಮೊದಲ ಸಲ ಒಂದು ಚಿತ್ರಕ್ಕೆ ಅಳತೆ ತೆಗೆಯಲು ಒಂಬತ್ತು ದಿನ ಹಿಡಿಯಿತಂತೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್‌ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಒಂದು ಡಿಗ್ರಿಗೆ ಒಂದರಂತೆ 180 ಕೋನ, ಒಂದೊಂದು ಕೋನದಲ್ಲಿ 160 ಅಳತೆ. ಒಟ್ಟು 28,800. ಮಿದುಳಿನ ಗಡ್ಡೆ ಕಣ್ಣಿಗೆ ಕಂಡಿತು. ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ 1979ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂತು. ಇಬ್ಬರೂ ಡಾಕ್ಟರುಗಳಲ್ಲ!

ಅದೇ 1971ರಲ್ಲಿ ನಮ್ಮ ಬೆಂಗಳೂರಿನಿಂದಲೂ ಒಂದು ಬಾವಿ ತೋಡಲಾಯಿತು. ಎರ್ನಾಕುಲಂನಲ್ಲಿ ಹುಟ್ಟಿ, ಸರ್ ಸಿ.ವಿ. ರಾಮನ್ ಬಳಿ ಕಲಿತು, ಪ್ರೋಟೀನುಗಳ ರಚನೆಯ ಸಂಶೋಧನೆಯಿಂದ ಜಗತ್ತಿಗೇ ಹೆಸರಾದವರು ಜಿ.ಎನ್. ರಾಮಚಂದ್ರನ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಸೇರಿ ಎಕ್ಸ್-ರೇ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಮೂರು ಆಯಾಮದ ರೂಪ ಕಟ್ಟುವ ಲೆಕ್ಕ ಪ್ರಕಟಿಸಿದರು. ಅದೂ ಫೂರಿಯೆ ದಾರಿ ಬಿಟ್ಟು, ಕಳೆದು ಬಳಿಯುವ ಅಡ್ಡದಾರಿಯೇ! ನಾಲ್ಕು ವರ್ಷ ಹಿಂದೆ ಸೂರ್ಯನ ನಕ್ಷೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಹೊಳೆದದ್ದೇ ಪ್ರೋಟೀನಿನ ರೂಪ ಹುಡುಕುವವರಿಗೆ ಬೆಂಗಳೂರಿನಲ್ಲಿ ಬೇರೆಯಾಗಿಯೇ ಹೊಳೆದಿತ್ತು. ಅವರಿಬ್ಬರ ಹೆಸರಿನ ಮೊದಲಕ್ಷರಗಳಿಂದ ‘ರಾಮ್-ಲಾಕ್’ ಎಂದು ಕರೆಯುವ ಸೂತ್ರವನ್ನು ಇಂದಿಗೂ ಜಗತ್ತಿನ ಎಲ್ಲ ಕಡೆ ಸಿಟಿ ಸ್ಕ್ಯಾನ್ ಪಾಠದಲ್ಲಿ ಹೇಳಿಕೊಡುತ್ತಾರೆ.

ನಷ್ಟ ಯಾರಿಗೆ?

ಇದರಲ್ಲಿ ಯಾರು ಮೊದಲು, ಯಾರಿಗೆ ಪ್ರಶಸ್ತಿ ತಪ್ಪಿತು ಎಂಬ ಚರ್ಚೆ ಬಿಡಿ. ಯೋಚಿಸಬೇಕಾದ ಮಾತು ಬೇರೆ ಇದೆ. ಸಿಟಿ ಸ್ಕ್ಯಾನ್ ಬರುವ ಮೊದಲು ಮಿದುಳಿನ ಗಡ್ಡೆ ಹುಡುಕಲು ಡಾಕ್ಟರುಗಳು ಏನು ಮಾಡುತ್ತಿದ್ದರು? ಬೆನ್ನುಹುರಿಯ ಪಕ್ಕ ಸೂಜಿ ಚುಚ್ಚಿ, ಒಳಗಿನ ನೀರು ತೆಗೆದು, ಗಾಳಿ ತುಂಬಿ, ಆ ಗಾಳಿ ತಲೆಗೇರಿದ ಮೇಲೆ ಎಕ್ಸ್-ರೇ ತೆಗೆಯುತ್ತಿದ್ದರು. ರೋಗಿಗೆ ತಡೆಯಲಾರದ ತಲೆನೋವು, ವಾಂತಿ. ಕೆಲವರಿಗೆ ಜೀವಕ್ಕೇ ಸಂಚಕಾರ. ಹಾಗೆ ನೋವು ತಿಂದವರಿಗೆ ಬೇಕಾಗಿದ್ದ ಲೆಕ್ಕ ಸೂರ್ಯನ ಬಗೆಗಿನ ಒಂದು ಪತ್ರಿಕೆಯಲ್ಲಿ 1956ರಿಂದಲೇ ಅಚ್ಚಾಗಿ ಕೂತಿತ್ತು.

ಲೆಕ್ಕ ಒಂದಿದ್ದರೆ ಸಾಲದು, ನಿಜ. 28,800 ಅಳತೆ ನುಂಗಿ ಚಿತ್ರ ಕೊಡುವ ಕಂಪ್ಯೂಟರ್ 1956ರಲ್ಲಿ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಹಾಗಾಗಿ ಹದಿನೈದು ವರ್ಷವೂ ದಂಡವಾಯಿತು ಅನ್ನಲಾಗದು. ಆದರೆ ಸೂರ್ಯನ ಕೋಣೆಗೂ ವೈದ್ಯರ ಕೋಣೆಗೂ ನಡುವೆ ಒಂದು ಬಾಗಿಲು ತೆರೆದಿದ್ದರೆ ನಾಲ್ಕು ಕಡೆ ಬಾವಿ ತೋಡುವ ಶ್ರಮವಂತೂ ಉಳಿಯುತ್ತಿತ್ತು.

ಆ ಬಾಗಿಲು ತೆರೆಯುವ ಕೆಲಸಕ್ಕೆ ಬ್ರೇಸ್‌ವೆಲ್ ಆಮೇಲೆ ತಾವೇ ಕೈಹಾಕಿದರು. ಸಿಟಿ ಸ್ಕ್ಯಾನ್‌ಗೆಂದೇ ಹುಟ್ಟಿದ ವೈದ್ಯಕೀಯ ಪತ್ರಿಕೆಯ ಮೊದಲ ಸಂಪಾದಕ ಮಂಡಳಿಯಲ್ಲಿ ಅವರಿದ್ದರು. ಅದಕ್ಕೆ ಲೇಖನ ಬರೆದರು. ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಗಳಿಗೆ ಸಲಹೆಗಾರರಾದರು. ಸ್ಟ್ಯಾನ್‌ಫರ್ಡ್‌ನಲ್ಲಿ ಚಿತ್ರಗ್ರಹಣದ ಪಾಠ ಮಾಡುವಾಗ ಆಕಾಶದ ಚಿತ್ರ, ದೇಹದ ಚಿತ್ರ ಎರಡನ್ನೂ ಒಂದೇ ತರಗತಿಯಲ್ಲಿ ಹೇಳಿಕೊಟ್ಟರು. 1995ರಲ್ಲಿ ಬಂದ ಅವರ ಪುಸ್ತಕದಲ್ಲೂ ಎರಡೂ ಒಟ್ಟಿಗೇ ಇವೆ. ಅದಕ್ಕೂ ಮೊದಲು 1965ರಲ್ಲಿ ಅವರು ಬರೆದಿದ್ದ ಫೂರಿಯೆ ಗಣಿತದ ಪುಸ್ತಕವಂತೂ ಎಂಜಿನಿಯರಿಂಗ್ ಓದಿದ ಹಲವು ತಲೆಮಾರುಗಳ ಕೈದೀಪ.

ವೈದ್ಯಕೀಯ ಚಿತ್ರಗ್ರಹಣಕ್ಕೆ ಕೊಟ್ಟ ಮೂಲಭೂತ ಕೊಡುಗೆಗಾಗಿ 1992ರಲ್ಲಿ ಅಮೆರಿಕದ ‘ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್’ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಆಸ್ಟ್ರೇಲಿಯನ್ ಒಬ್ಬ ರೇಡಿಯೋ ಖಗೋಳಜ್ಞ! 2007ರ ಆಗಸ್ಟ್ 12ರಂದು, 86ನೇ ವಯಸ್ಸಿನಲ್ಲಿ ಬ್ರೇಸ್‌ವೆಲ್ ತೀರಿಕೊಂಡರು.

ಮುತ್ತೊರೈ ಗುಡ್ಡದ ನಂಟು

ಈಗ ನಮ್ಮ ಊರಿಗೆ ಬರೋಣ. ಊಟಿಯಿಂದ ಮುತ್ತೊರೈ ಪಾಲಡ ಕಡೆ ಹೋಗುವವರು ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಮಲಗಿಸಿದಂತಿರುವ ಕಬ್ಬಿಣದ ಚೌಕಟ್ಟುಗಳನ್ನು ನೋಡಿರುತ್ತಾರೆ. ಸುತ್ತ ಕ್ಯಾರೆಟ್, ಆಲೂಗಡ್ಡೆ ಬೆಳೆಯುವ ಹೊಲ, ಬಡಗರ ಹಟ್ಟಿಗಳು. ‘ಅದೇನೋ ಸಿಗ್ನಲ್ ಹಿಡಿಯೋದಂತೆ’ ಅಂತ ಬಸ್ಸಿನಲ್ಲಿ ಮಾತಾಡಿಕೊಳ್ಳುವುದೂ ಉಂಟು. ಅದು 1970ರಲ್ಲಿ ಸಿದ್ಧವಾದ ಊಟಿ ರೇಡಿಯೋ ದೂರದರ್ಶಕ. ಉದ್ದ 530 ಮೀಟರ್, ಅಗಲ 30 ಮೀಟರ್. 24 ಚೌಕಟ್ಟುಗಳ ಮೇಲೆ ಎಳೆದು ಕಟ್ಟಿದ 1,100 ಸಪೂರ ಉಕ್ಕಿನ ತಂತಿಗಳೇ ಇದರ ಕನ್ನಡಿ.

ಇದನ್ನು ಕಟ್ಟಿದವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಮತ್ತು ಅವರ ತಂಡ. ಸ್ವರೂಪ್ 1953ರಲ್ಲಿ ಸಿಡ್ನಿಗೆ ಹೋಗಿ, ಪಾಸಿ, ಕ್ರಿಸ್ಚಿಯನ್‌ಸೆನ್ ಅವರಿದ್ದ ಪ್ರಯೋಗಾಲಯದಲ್ಲೇ ಪಳಗಿದವರು. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮಾಡಿದರು. ಗುರು ಯಾರು? ಇದೇ ಬ್ರೇಸ್‌ವೆಲ್! 32 ಡಿಶ್‌ಗಳ ಆ ದೂರದರ್ಶಕಕ್ಕೆ ಸ್ವರೂಪ್ ಕೂಡ ದುಡಿದರು. ಒಂದೊಂದು ಡಿಶ್‌ನಿಂದ ಬರುವ ತರಂಗ ಕೇಬಲ್‌ನಲ್ಲಿ ಸಾಗುವಾಗ ಹಿಂದುಮುಂದಾಗದಂತೆ ಸರಿಪಡಿಸಲು ಅವರು ಯಾಂಗ್ ಎಂಬುವರ ಜೊತೆ 1961ರಲ್ಲಿ ಸೂಚಿಸಿದ ಉಪಾಯ ರೇಡಿಯೋ ಖಗೋಳದವರಿಗೆ ಚೆನ್ನಾಗಿ ಪರಿಚಿತ.

ಮುತ್ತೊರೈ ಗುಡ್ಡವೇ ಯಾಕೆ? ಊಟಿ ಇರುವುದು ಸಮಭಾಜಕದಿಂದ ಸುಮಾರು 11 ಡಿಗ್ರಿ ಉತ್ತರಕ್ಕೆ. ಈ ಗುಡ್ಡದ ಇಳಿಜಾರು ಕೂಡ ಸುಮಾರು 11 ಡಿಗ್ರಿ! ಹಾಗಾಗಿ ಇಲ್ಲಿ ಉದ್ದಕ್ಕೆ ಮಲಗಿಸಿದ ದೂರದರ್ಶಕ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ. ಒಂದೇ ಕಡೆ ತಿರುಗಿಸುತ್ತ ಹೋದರೆ ಸಾಕು, ಆಕಾಶದ ಒಂದು ಜಾಗವನ್ನು ಗಂಟೆಗಟ್ಟಲೆ ಬಿಡದೆ ಹಿಂಬಾಲಿಸಬಹುದು.

ಸ್ವಾರಸ್ಯ ಇನ್ನೊಂದಿದೆ. ಈ ದೂರದರ್ಶಕ ಮೊದಲ ವರ್ಷಗಳಲ್ಲಿ ಮಾಡಿದ ದೊಡ್ಡ ಕೆಲಸವೂ ಪಟ್ಟಿ ಲೆಕ್ಕದ್ದೇ. ದೂರದ ಗ್ಯಾಲಕ್ಸಿಯಿಂದ ಬರುವ ರೇಡಿಯೋ ತರಂಗಕ್ಕೆ ಚಂದ್ರ ಅಡ್ಡ ಬಂದಾಗ ಅವನ ಅಂಚು ಆ ಗ್ಯಾಲಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಹೋಗುತ್ತದೆ. ಪ್ರತಿ ಕ್ಷಣ ಎಷ್ಟು ತರಂಗ ಕಡಿಮೆಯಾಯಿತೋ ಅಷ್ಟು ಒಂದು ಪಟ್ಟಿಯ ಪಾಲು. ಚಂದ್ರ ಸರಿದು ಗ್ಯಾಲಕ್ಸಿ ಮತ್ತೆ ಹೊರಬರುವಾಗ ಇನ್ನೊಂದು ಅಂಚು, ಇನ್ನೊಂದು ಕೋನ. ಗುರು ಸ್ಟ್ಯಾನ್‌ಫರ್ಡ್‌ನಲ್ಲಿ ಸಾಲು ಆಂಟೆನಾಗಳಿಂದ ಪಟ್ಟಿ ಅಳೆದರೆ, ಶಿಷ್ಯ ಮುತ್ತೊರೈಯಲ್ಲಿ ಚಂದ್ರನ ಅಂಚನ್ನೇ ಕತ್ತಿ ಮಾಡಿಕೊಂಡರು. ನೂರಾರು ಗ್ಯಾಲಕ್ಸಿಗಳ ಅಳತೆ ಇಲ್ಲಿಂದ ಸಿಕ್ಕಿತು. ಬ್ರಹ್ಮಾಂಡ ಹಿಂದೆ ಈಗಿನಂತಿರಲಿಲ್ಲ, ಬದಲಾಗುತ್ತ ಬಂದಿದೆ ಎಂಬ ವಾದಕ್ಕೆ ಆ ಅಳತೆಗಳು ಬಲ ಕೊಟ್ಟವು. ಮುಂದೆ ಪುಣೆ ಬಳಿ 45 ಮೀಟರ್ ಅಗಲದ 30 ಡಿಶ್‌ಗಳ ದೈತ್ಯ ದೂರದರ್ಶಕ ಕಟ್ಟಿಸಿದ ಸ್ವರೂಪ್ 2020ರ ಸೆಪ್ಟೆಂಬರ್ 7ರಂದು ತೀರಿಕೊಂಡರು. ಮುತ್ತೊರೈ ದೂರದರ್ಶಕ ಈಗಲೂ ಕೆಲಸ ಮಾಡುತ್ತಿದೆ. ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಮೇಲೂ ಕಣ್ಣಿಟ್ಟಿದೆ.

‘ಗ್ರೂಪ್’ ಯಾವುದು?

ಹತ್ತನೇ ಕ್ಲಾಸು ಮುಗಿದ ಕೂಡಲೇ ನಮ್ಮ ಗಡಿಯ ಆಚೆಗೂ ಈಚೆಗೂ ಮಕ್ಕಳಿಗೆ ಕೇಳುವ ಪ್ರಶ್ನೆ ಒಂದೇ: ‘ಯಾವ ಗ್ರೂಪ್?’ ಡಾಕ್ಟರ್ ಆಗಬೇಕೆಂದರೆ ಬಯಾಲಜಿ ಇರಲಿ, ಗಣಿತ ಯಾಕೆ ಹೊರೆ ಅನ್ನುವವರಿದ್ದಾರೆ. ಎಂಜಿನಿಯರಿಂಗ್‌ಗೆ ಹೋಗುವವನಿಗೆ ಮಿದುಳು, ರಕ್ತನಾಳದ ಪಾಠ ಯಾಕೆ ಅನ್ನುವವರೂ ಇದ್ದಾರೆ. ಇನ್ನು ನಕ್ಷತ್ರ ನೋಡುತ್ತೇನೆ ಅನ್ನುವ ಹುಡುಗಿಗೆ ‘ಅದರಿಂದ ಹೊಟ್ಟೆ ತುಂಬುತ್ತೇನಮ್ಮಾ?’ ಎಂಬ ಮಾತು ತಪ್ಪಿದ್ದಲ್ಲ.

ಹೊಟ್ಟೆಪಾಡಿನ ಚಿಂತೆ ಸುಳ್ಳಲ್ಲ. ಅದನ್ನು ಹಗುರವಾಗಿ ತಳ್ಳಿಹಾಕುವ ಹಾಗೂ ಇಲ್ಲ. ಆದರೆ ಸೂರ್ಯನ ನಕ್ಷೆಗೆ ಕೂತವರು, ರಾತ್ರಿ ತಲೆಗೆ ಪೆಟ್ಟುಬಿದ್ದು ಬರುವ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿರಲಿಲ್ಲ. ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಮೂರನ್ನೂ ಬಿಡದೆ ಕಲಿತಿದ್ದರಿಂದ ಒಂದು ಕೋಣೆಯ ಲೆಕ್ಕ ಇನ್ನೊಂದು ಕೋಣೆಗೆ ಬೇಕಾದಾಗ ಬ್ರೇಸ್‌ವೆಲ್ ಅಲ್ಲಿಗೂ ಹೋಗಬಲ್ಲವರಾದರು. ಮಗ ಅಥವಾ ಮಗಳು ಎರಡು ಗ್ರೂಪ್‌ನ ನಡುವೆ ನಿಂತು ‘ಎರಡೂ ಇಷ್ಟ’ ಎಂದರೆ ಬೈಯುವ ಮೊದಲು ಒಂದು ಭಾನುವಾರ ಮುತ್ತೊರೈ ಕಡೆ ಕರೆದುಕೊಂಡು ಹೋಗಿ. ಗುಡ್ಡದ ಮೇಲಿನ ಆ ತಂತಿಗಳನ್ನು ತೋರಿಸಿ, ಆಸ್ಪತ್ರೆಯ ಸ್ಕ್ಯಾನ್ ಯಂತ್ರಕ್ಕೂ ಇದಕ್ಕೂ ಇರುವ ನಂಟನ್ನು ಹೇಳಿ. ಉಳಿದದ್ದನ್ನು ಮಕ್ಕಳೇ ಕೇಳುತ್ತಾರೆ.